ವಿಭೂತಿ ಗೆರೆ

ನವೆಂಬರ್ 3, ಸೋಮವಾರ

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಕೊಟ್ಟೂರಿನ ಮರುಳಪ್ಪ ಮೇಸ್ತ್ರಿಯವರ ಗ್ಯಾರೇಜಿನ ಆಸ್ಥಾನ ವಿದ್ವಾಂಸನೂ, ಐ.ಟಿ.ಐ.ಯನ್ನು ಎರಡನೇ ಪ್ರಯತ್ನದಲ್ಲಿ ಗೆದ್ದವನೂ, ಇಪ್ಪತ್ತೆರಡು ವರ್ಷದವನೂ ಆದ ಹಂಪೇಶನೆಂಬ ನಾನು ಇಂದಿನಿಂದ ದಿನಚರಿ ಬರೆಯಲು ಸಂಕಲ್ಪ ಮಾಡಿದ್ದೇನೆ. ಡೈರಿ ಗಂಗಾಂಬಿಕಾ ಮೇಡಂ ಕೊಟ್ಟದ್ದು. ಹರಪನಹಳ್ಳಿಯಲ್ಲಿ ಅವರ ಬೀಜ-ಗೊಬ್ಬರದ ಅಂಗಡಿ ಇದೆ. ಗಿರಾಕಿಗಳಿಗೆ ಹಂಚಿ ಉಳಿದದ್ದು ನನ್ನ ಪಾಲಿಗೆ ಬಂತು. ಜನವರಿಯಿಂದ ಅಕ್ಟೋಬರದವರೆಗಿನ ಹಾಳೆಗಳನ್ನು ಇತಿಹಾಸದ ಕತ್ತಲೆಗೆ ಬಿಟ್ಟುಕೊಡಲಾಗಿದೆ.

ಇಷ್ಟೆಲ್ಲ ಸಂಭ್ರಮ ಮೇಡಂ ಅವರ ಕಾರಿನಿಂದ. ಅವರ ತಂದೆ ತುಂಗಭದ್ರಾ ಡ್ಯಾಮ್ ಕಟ್ಟುವಾಗ ಇಂಜಿನಿಯರ್ ಆಗಿದ್ದರಂತೆ. ಊರಿಗೆ ಹೊರಟ ಒಬ್ಬ ಇಂಗ್ಲಿಷಿನವನಿಂದ ಕೊಂಡ ಗಾಡಿ. ಎರಡೇ ಸೀಟು, ತಲೆಯ ಮೇಲೆ ಟಾಪಿಲ್ಲ, ಮೂತಿ ಮಾತ್ರ ಮಾರುದ್ದ. ಕುಳಿತರೆ ರಸ್ತೆ ಕುಂಡಿಯಿಂದ ಒಂದು ಗೇಣು ಕೆಳಗೆ. ಇಪ್ಪತ್ತಾರು ವರ್ಷ ಹಡಗಲಿಯ ಶೇಂಗಾ ಗೋದಾಮಿನಲ್ಲಿ ನಿಂತಿತ್ತು. ಜೂನಿನಲ್ಲಿ ಟ್ರೇಲರ್ ಮೇಲೆ ನಮ್ಮಲ್ಲಿಗೆ ಬಂದಾಗ ಸೀಟಿನೊಳಗೆ ಹೆಗ್ಗಣದ ಒಂದು ಅವಿಭಕ್ತ ಕುಟುಂಬ ವಾಸವಾಗಿತ್ತು.

ಮೇಡಂಗೆ ಐವತ್ತು ದಾಟಿದೆ. ಆರನೇ ವಯಸ್ಸಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಸ್ಟಿಯರಿಂಗ್ ಹಿಡಿದದ್ದು ಇದೇ ಗಾಡಿಯಲ್ಲಂತೆ. ನೋಡುವುದಕ್ಕೆಂದು ನಿಲ್ಲಿಸುವ ಗಾಡಿ ತನಗೆ ಬೇಡ, ಹರಪನಹಳ್ಳಿಯಿಂದ ಹಡಗಲಿಗೆ ತಾನೇ ಓಡಿಸಬೇಕು, ಮುಂದೆ ಲಾರಿ ಸಿಕ್ಕರೆ ಅದನ್ನು ಹಿಂದೆ ಹಾಕಬೇಕು ಎಂದು ಅಪ್ಪಣೆ ಕೊಡಿಸಿದ್ದಾರೆ. ಆದ್ದರಿಂದ ಮೈ ಹಳೆಯದು, ಕರುಳು ಹೊಸದು. ಹಿಂಭಾಗ ಜಜ್ಜಿಹೋದ ಒಂದು ಜಿಪ್ಸಿ ಜೀಪಿನಿಂದ ಇಂಜಿನ್ನೂ ಐದು ಗೇರೂ ಬಂದಿವೆ. ಮುಂದಿನ ಎರಡು ಗಾಲಿಗೆ ಹಳೆಯ ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಹಾಕುತ್ತಿದ್ದೇವೆ. ಹಾಕುವವರು ಮೇಸ್ತ್ರಿ, ವೈರಿಂಗ್ ನೋಡುವ ಕ್ರಾಂತಿಕುಮಾರ್ ಮತ್ತು ಈ ದಿನಚರಿಯ ಕರ್ತೃ.

ನವೆಂಬರ್ 9, ಭಾನುವಾರ

ಇಂಜಿನ್ ಉಸಿರಾಡಿತು. ಎದುರಿನ ಚಹಾದಂಗಡಿಯ ದ್ಯಾಮಕ್ಕ ಕೆಟಲಿ ಹಿಡಿದುಕೊಂಡೇ ಓಡಿ ಬಂದಳು. ಕ್ರಾಂತಿ ಬೋನೆಟ್ಟಿಗೆ ಕಿವಿ ಹಚ್ಚಿ, ಮುದುಕನಿಗೆ ಹುಡುಗನ ಎದಿ ಇಟ್ಟಂಗಾತು ಅಂದ. ಅವನಿಗೆ ಬಸ್ ಡಿಪೋದಿಂದ ನೇಮಕದ ಆದೇಶ ಬರಬೇಕಿದೆ. ಬಂದರೆ ಹೋಗುತ್ತಾನೆ. ಅದನ್ನು ನೆನೆದು ದುಃಖಿಸಲು ಆಸ್ಥಾನಕ್ಕೆ ಇನ್ನೂ ಸಮಯ ಸಿಕ್ಕಿಲ್ಲ.

ಮೇಸ್ತ್ರಿಯ ಗೆರೆಯ ವಿಷಯ ಮುಂದಿನ ಪೀಳಿಗೆಗಾಗಿ ಬರೆದಿಡುತ್ತೇನೆ. ಅವರ ಜೇಬಿನಲ್ಲಿ ಒಂದು ವಿಭೂತಿ ಗಟ್ಟಿ ಇರುತ್ತದೆ. ಬೆಳಿಗ್ಗೆ ಹಣೆಗೆ, ಆಮೇಲೆ ದಿನವಿಡೀ ಗಾಡಿಗೆ. ಒಂದು ನಟ್ಟನ್ನೋ ಬೋಲ್ಟನ್ನೋ ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಪೂರ್ತಿ ಬಿಗಿದ ಮೇಲೆ ಗಟ್ಟಿಯನ್ನು ನೀರಿಗೆ ಮುಟ್ಟಿಸಿ, ಅದರ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಒಂದು ಗೆರೆ ಎಳೆಯುತ್ತಾರೆ. ಗೆರೆ ಇದ್ದರೆ ಬಿಗಿದದ್ದು, ಇಲ್ಲದಿದ್ದರೆ ಬಿಗಿಯಬೇಕಾದದ್ದು. ಗೆರೆ ತುಂಡಾಗಿದ್ದರೆ ಬೋಲ್ಟು ತಿರುಗಿದೆ ಎಂದರ್ಥ. ಬಿಗಿದವನೇ ಎಳೆಯಬೇಕು, ಬೇರೆಯವರು ಎಳೆಯುವಂತಿಲ್ಲ. ಮೂವತ್ತು ವರ್ಷದಿಂದ ಹೀಗೇ ನಡೆದಿದೆ. ಇಷ್ಟೆಲ್ಲ ಯಾಕೆ, ನೆನಪಿಟ್ಟುಕೊಂಡರೆ ಸಾಲದೇ ಎಂದು ಇವತ್ತು ಕೇಳಿದೆ.

“ನೆನಪು ಊಟಕ್ಕ ಹೋಗಿ ಬರತೈತಿ, ಮದಿವಿಗೆ ಹೋಗಿ ಬರತೈತಿ,” ಅಂದರು. “ಗೆರಿ ಅಲ್ಲೇ ಇರತೈತಿ.”

ನವೆಂಬರ್ 13, ಗುರುವಾರ

ಇಂದಿನ ಮಹತ್ಕಾರ್ಯ ಹೀಗೆ ನಡೆಯಿತು.

ಹನ್ನೊಂದು ಗಂಟೆಗೆ ಮಾಗಳದ ಮದುವೆಯ ಟೆಂಪೋ ಬಾಗಿಲಿಗೆ ಬಂದು ಹಾರ್ನ್ ಹೊಡೆಯತೊಡಗಿತು. ಮೇಸ್ತ್ರಿಯ ತಂಗಿಯ ಮಗಳ ಮದುವೆ. ಅವರು ಕಾರಿನ ಎಡಗಾಲಿಯ ಬಳಿ ಕುಕ್ಕುರುಗಾಲಲ್ಲಿ ಕೂತಿದ್ದವರು ಕೈ ತೊಳೆದು, ಅಂಗಿ ಬದಲಿಸಿ ಹೊರಟರು. ವಿಭೂತಿ ಗಟ್ಟಿ ತೆಗೆದಿಟ್ಟ ಅಂಗಿಯ ಜೇಬಿನಲ್ಲೇ ಉಳಿಯಿತು. ಕ್ರಾಂತಿ ಸ್ಪೀಡೋಮೀಟರ್ ಕೇಬಲ್ಲಿಗೆ ಹೊಸಪೇಟೆಗೆ ಹೋಗಿದ್ದ. ರಾಜ್ಯದಲ್ಲಿ ನಾನೊಬ್ಬನೇ.

ಸ್ನಾನ ಮಾಡಿರಲಿಲ್ಲವಾದರೂ ಮನಸ್ಸು ಮಡಿಯಾಗಿತ್ತು. ಜೇಬಿನಿಂದ ಗಟ್ಟಿ ತೆಗೆದುಕೊಂಡು ಮೊದಲು ಸ್ಟೂಲಿನ ಮೂರು ಮೊಳೆಗೆ ಗೆರೆ ಎಳೆದೆ. ಆಮೇಲೆ ಕ್ಯಾಲೆಂಡರ್ ಮೊಳೆ, ಬಾಗಿಲ ಬೀಗ, ಮೇಸ್ತ್ರಿಯ ಸ್ಕೂಟರಿನ ಕನ್ನಡಿ, ಕ್ರಾಂತಿಯ ಬುತ್ತಿ ಡಬ್ಬಿಯ ಹಿಡಿ, ದ್ಯಾಮಕ್ಕನ ಕೆಟಲಿಯ ಮುಚ್ಚಳ. ದ್ಯಾಮಕ್ಕ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡಳು. ಮೇಸ್ತ್ರಿಯ ಗೆರೆ ದಪ್ಪ, ಗಿಡ್ಡ, ತುದಿಯಲ್ಲಿ ಸ್ವಲ್ಪ ಎಡಕ್ಕೆ ವಾಲುತ್ತದೆ. ಐದನೆಯದಕ್ಕೆ ಬರುವಷ್ಟರಲ್ಲಿ ನನ್ನ ಗೆರೆಯನ್ನೂ ಅವರದನ್ನೂ ಬೇರೆ ಮಾಡಿ ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ.

ಕೊನೆಗೆ ಕಾರು. ಬಲಗಾಲಿಯ ಬ್ರೇಕಿಗೆಲ್ಲ ಗೆರೆ ಬಿದ್ದಿತ್ತು. ಎಡಗಾಲಿಯಲ್ಲಿ, ಡಿಸ್ಕನ್ನು ಕಚ್ಚಿ ಹಿಡಿಯುವ ದವಡೆ ಇದೆಯಲ್ಲ, ಕ್ಯಾಲಿಪರ್, ಅದರ ಎರಡು ಬೋಲ್ಟುಗಳಲ್ಲಿ ಮೇಲಿನದಕ್ಕೆ ಗೆರೆ ಇತ್ತು, ಕೆಳಗಿನದು ಬೋಳು ಹಣೆಯಲ್ಲಿ ನಿಂತಿತ್ತು. ಪಾಪ ಅನಿಸಿತು. ಅದಕ್ಕೂ ಎಳೆದೆ.

ನವೆಂಬರ್ 14, ಶುಕ್ರವಾರ

ಮೇಸ್ತ್ರಿ ಬಂದು ಸ್ಟೂಲಿನ ಮೇಲೆ ಕೂತರು, ಎದ್ದರು, ಮೊಳೆ ನೋಡಿದರು. ಬೀಗ ನೋಡಿದರು. ದ್ಯಾಮಕ್ಕ ಕೆಟಲಿ ತಂದಾಗ ಮುಚ್ಚಳ ನೋಡಿ, ಇದನ್ನ ನಾನು ಎಷ್ಟು ಪೌಂಡಿಗೆ ಟೈಟ್ ಮಾಡಿದ್ದೆ ಅಂತ ಕೇಳಿದರು. ಅವರು ಹೊಟ್ಟೆ ಹಿಡಿದು ನಕ್ಕದ್ದನ್ನು ನಾನು ನೋಡಿದ್ದೇ ಇವತ್ತು.

ನಾನು ಮೊದಲೇ ಬರೆದಿಟ್ಟಿದ್ದ ತಪ್ಪೊಪ್ಪಿಗೆ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಓದಿದೆ. “ಈ ಕೆಳಗೆ ಸಹಿ ಮಾಡಿದ ಪಾಪಿಯು ಮೊಳೆ ನಾಲ್ಕು, ಬೀಗ ಒಂದು, ಕನ್ನಡಿ ಒಂದು, ಬುತ್ತಿ ಡಬ್ಬಿ ಒಂದು, ಕೆಟಲಿ ಒಂದು, ಇವುಗಳಿಗೆ ಅನಧಿಕೃತವಾಗಿ ದೀಕ್ಷೆ ಕೊಟ್ಟಿರುತ್ತಾನೆ.” ಮೇಸ್ತ್ರಿ ಅದನ್ನು ಗೋಡೆಗೆ ಅಂಟಿಸಿದರು. ಎಲ್ಲ ಗೆರೆ ಒರೆಸಿದೆ. ಮಧ್ಯಾಹ್ನ ಮೇಸ್ತ್ರಿ ಕಾರಿನ ಗೆರೆಗಳನ್ನೆಲ್ಲ ಬಗ್ಗಿ ನೋಡಿ ಆಯಿತು ಅಂದರು, ಕ್ರಾಂತಿ ಗಾಲಿ ಕಟ್ಟಿದ.

ಈಗ ಬರೆಯುವಾಗ ನೆನಪಾಗುತ್ತಿದೆ. ಆ ಬೋಲ್ಟು ಪತ್ರದಲ್ಲಿಲ್ಲ. ಒರೆಸಲೂ ಇಲ್ಲ. ಆದರೆ ಮೇಸ್ತ್ರಿಯ ಕೈಯಲ್ಲಿ ಸಡಿಲ ಉಳಿಯುವುದುಂಟೇ? ಬಿಗಿದು, ಗೆರೆ ಎಳೆಯಬೇಕು ಅನ್ನುವಷ್ಟರಲ್ಲಿ ಟೆಂಪೋ ಬಂದಿರಬೇಕು. ಈಗ ಗಾಲಿ ಬಿಚ್ಚು ಅಂದರೆ ಕ್ರಾಂತಿ ಬೈಯುತ್ತಾನೆ. ನಾಳೆ ಹೇಳಿದರಾಯಿತು.

ನವೆಂಬರ್ 15, ಶನಿವಾರ

ಹೇಳಲಿಲ್ಲ. ನೆನಪಿತ್ತು. ಎಲ್ಲರೂ ಇನ್ನೂ ಕೆಟಲಿಯ ಮಾತಾಡಿ ನಗುತ್ತಿದ್ದರು.

ನವೆಂಬರ್ 16, ಭಾನುವಾರ

ಟ್ರಯಲ್ ಆಯಿತು. ಮೇಸ್ತ್ರಿ ಓಡಿಸಿದರು, ಪಕ್ಕದಲ್ಲಿ ಮೇಡಂ. ಹರಪನಹಳ್ಳಿ ರಸ್ತೆ. ನಾನೂ ಕ್ರಾಂತಿಯೂ ಸ್ಕೂಟರಿನಲ್ಲಿ ಹಿಂದೆ. ಮೇಡಂ ತಿರುಗಿ ನಮ್ಮತ್ತ ಕೈ ಬೀಸಿ, ಇನ್ನೂ ಜೋರು ಎಂದು ಮೇಸ್ತ್ರಿಗೆ ಹೇಳುತ್ತಿದ್ದದ್ದು ಕಾಣುತ್ತಿತ್ತು. ಮುಂದೆ ಎಮ್ಮೆಗಳು ಅಡ್ಡ ಬಂದವು. ಮೇಸ್ತ್ರಿ ಬ್ರೇಕ್ ಒತ್ತಿದರು. ಕಾರು ಎಡಕ್ಕೆ ಎಳೆದುಕೊಂಡು ರಸ್ತೆ ಬಿಟ್ಟು ಜೋಳದ ಹೊಲದೊಳಗೆ ಹೋಯಿತು.

ಮೇಡಂ ಎಡಗೈ ಮಣಿಕಟ್ಟು ಮುರಿದಿದೆ. ಮೇಸ್ತ್ರಿಗೆ ಏನೂ ಆಗಿಲ್ಲ. ಕಾರಿನ ಎಡ ಮಡ್‌ಗಾರ್ಡ್ ಮಡಿಚಿಕೊಂಡಿದೆ.

ಕೆಳಗಿನ ಬೋಲ್ಟು ಇರಲಿಲ್ಲ.

ನವೆಂಬರ್ 17, ಸೋಮವಾರ

ಇವತ್ತಿನದನ್ನು ನಡೆದ ಹಾಗೆ ಬರೆಯುತ್ತೇನೆ.

ಕಾರನ್ನು ರಾತ್ರಿಯೇ ಎಳೆದು ತಂದಿದ್ದೆವು. ಮೇಸ್ತ್ರಿ ಬೆಳಿಗ್ಗೆ ಗಾಲಿ ಬಿಚ್ಚಿ ಮಣೆ ಹಾಕಿಕೊಂಡು ಅದರ ಮುಂದೆ ಕೂತರು. ಬೋಲ್ಟು ಬಿದ್ದುಹೋಗಿ, ದವಡೆ ಒಂದೇ ಕಾಲಿನ ಮೇಲೆ ತಿರುಗಿ ಗಾಲಿಗೆ ಸಿಕ್ಕಿಕೊಂಡಿದೆ. ಬೋಲ್ಟಿನ ತಲೆಯ ಜೊತೆ ಅರ್ಧ ಗೆರೆ ಹೊಲದಲ್ಲೆಲ್ಲೋ ಹೋಯಿತು. ಇನ್ನರ್ಧ ಕಬ್ಬಿಣದ ಮೇಲೆ ಹಾಗೇ ಇತ್ತು. ದಪ್ಪ, ಗಿಡ್ಡ, ತುದಿಯಲ್ಲಿ ಎಡಕ್ಕೆ ವಾಲಿದ್ದು.

ಅದರ ಮೇಲೆ ಬೆರಳಾಡಿಸಿ ನನ್ನನ್ನು ಕರೆದರು. ಸಿಟ್ಟಿರಲಿಲ್ಲ.

“ಹಂಪ್ಯಾ, ಇದನ್ನ ತಿರುವಿದ್ದು ನನ್ನ ಕೈಗೆ ನೆನಪಿಲ್ಲ. ಬೆರಳಿಲೆ ಹಾಕಿದ್ದು ನೆನಪೈತಿ, ಪಾನಾ ಹಚ್ಚಿದ್ದು ನೆನಪಿಲ್ಲ. ಆದ್ರ ಗೆರಿ ಐತಿ. ಅವತ್ತು ನೀ ಆಟ ಆಡಿದ್ದೆಲ್ಲ, ಗಾಡಿಗೂ ಎಳದಿದ್ದೇನು?”

ಕ್ರಾಂತಿ ಅಲ್ಲೇ ಇದ್ದ. ದ್ಯಾಮಕ್ಕ ಅಂಗಡಿಯಿಂದ ನೋಡುತ್ತಿದ್ದಳು.

“ಇಲ್ಲ ಮೇಸ್ತ್ರಿ. ಗಾಡಿಗೆ ಕೈ ಹಚ್ಚಿಲ್ಲ,” ಅಂದೆ.

ಅವರು ಗೋಡೆಯ ಮೇಲಿನ ಪತ್ರವನ್ನು ಎದ್ದು ಹೋಗಿ ಓದಿದರು. ಮೊಳೆ ನಾಲ್ಕು, ಬೀಗ ಒಂದು, ಕನ್ನಡಿ ಒಂದು. ಓದಿ ಮುಗಿಸಿ ತಲೆಯಾಡಿಸಿದರು. “ಹೌದು, ಇದರಾಗ ಇಲ್ಲ,” ಅಂದರು. ಬಂದು ಮತ್ತೆ ಮಣೆಯ ಮೇಲೆ ಕೂತರು. ಬಲಗೈ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡರು.

ನಾನು ನಾಲ್ಕು ಶಬ್ದ ಹೇಳಿದ್ದು ಅಷ್ಟೇ. ನಾಲ್ಕೋ ಐದೋ.

ನವೆಂಬರ್ 20, ಗುರುವಾರ

ಚಹಾದಂಗಡಿಯಲ್ಲಿ ಲಾರಿ ಡ್ರೈವರ್ ಓಬಣ್ಣ, ಗಾಲಿ ಕಟ್ಟಿದವ ಕ್ರಾಂತಿ ಅಲ್ಲವೇ ಎಂದು ಕೇಳಿದನಂತೆ. ಕೇಳಿದ್ದು ಕ್ರಾಂತಿಯ ಎದುರಿಗೇ. ಅವನು ಯಾವ ಕೇರಿಯವನು ಎಂಬ ಮಾತೂ ಅದರ ಬೆನ್ನಿಗೇ ಬಂತಂತೆ. ಕ್ರಾಂತಿ ಲೋಟ ಇಟ್ಟು ಎದ್ದು ಬಂದ. ಮೇಸ್ತ್ರಿಗೆ ತಿಳಿದದ್ದೇ, ರಸ್ತೆ ದಾಟಿ ಹೋಗಿ, ಗಾಲಿ ಸರಿಯಾಗೇ ಕಟ್ಟಿದ್ದ, ತಪ್ಪು ಮರುಳಪ್ಪನ ಕೈದು, ಕೇಳೋದಿದ್ದರೆ ನನ್ನ ಕೇಳು ಅಂದು ಬಂದರು. ಅಷ್ಟು ಜನರ ಮುಂದೆ.

ನಾನು ಒಳಗೆ ಪ್ಲಗ್ ಉಜ್ಜುತ್ತಿದ್ದೆ. ಉಜ್ಜಿದ್ದನ್ನೇ ಮತ್ತೆ ಉಜ್ಜಿದೆ.

ನವೆಂಬರ್ 22, ಶನಿವಾರ

ಕಾನಹೊಸಹಳ್ಳಿಯಿಂದ ಒಂದು ಜೀಪು ಬ್ರೇಕ್ ಕೆಲಸಕ್ಕೆ ಬಂತು. ಮೇಸ್ತ್ರಿ ಒಂದು ನಟ್ಟು ಬಿಗಿದರು. ಪಾನಾ ತೆಗೆದರು, ಮತ್ತೆ ಹಚ್ಚಿದರು, ತೆಗೆದರು. ಗಟ್ಟಿ ನೀರಿಗೆ ಮುಟ್ಟಿಸಿದರು. ಗೆರೆ ಎಳೆಯಲಿಲ್ಲ, ಮೂರನೇ ಸಲ ಪಾನಾ ಹಚ್ಚಿದರು. ಜೀಪಿನವನು ಗಡಿಯಾರ ನೋಡಿಕೊಂಡ. ಕೊನೆಗೆ ಬ್ರೇಕಿನ ಕೆಲಸ ಬೇರೆ ಕಡೆ ಮಾಡಿಸಿಕೋ ಎಂದು ಅವನನ್ನು ಕಳಿಸಿಬಿಟ್ಟರು. ಆಮೇಲೆ ಮಣೆಯ ಮೇಲೆ ಕೂತು, ಅವರ ಅಪ್ಪನಿಗೂ ಐವತ್ತೆಂಟಕ್ಕೇ ಮರೆವು ಶುರುವಾಗಿತ್ತು ಎಂದು ಕ್ರಾಂತಿಗೆ ಹೇಳಿದರು. ಅಪ್ಪ ಕೊನೆಕೊನೆಗೆ ಉಂಡೆನೋ ಇಲ್ಲವೋ ಎಂದು ಎಲ್ಲರನ್ನೂ ಕೇಳುತ್ತಿದ್ದನಂತೆ.

ನವೆಂಬರ್ 24, ಸೋಮವಾರ

ಬೆಳಿಗ್ಗೆ ಹೋದಾಗ ನನ್ನ ಜಾಗದಲ್ಲಿ ಮೇಸ್ತ್ರಿಯ ಪಾನಾಗಳ ಚೀಲ ಇತ್ತು. ಅದರ ಮೇಲೆ ವಿಭೂತಿ ಗಟ್ಟಿ, ಹೊಸದು.

“ಇನ್ ಮ್ಯಾಲೆ ನೀ ಬಿಗಿ, ನೀನ ಗೆರಿ ಎಳಿ,” ಅಂದರು. “ನಾ ಪಕ್ಕದಾಗ ಕುಂತು ನೋಡತೀನಿ. ನಿನ್ನ ಕೈ ಛಲೋ ಐತಿ. ಆಟ ಆಡಿದ್ರೂ ಆಡೀನಿ ಅಂತ ಒಪ್ಪಿಕೊಂತಿ. ಅಂಥವರ ಕೈಯಾಗ ಇದಿರಬೇಕು.”

ಚೀಲ ಎತ್ತಿಕೊಂಡೆ. ಅದು ಇಷ್ಟು ಭಾರ ಎಂದು ಗೊತ್ತಿರಲಿಲ್ಲ ಎಂದು ಬರೆಯಹೊರಟಿದ್ದೆ. ಸುಳ್ಳು. ಐದು ವರ್ಷದಿಂದ ದಿನಾ ಎತ್ತಿಡುವವನು ನಾನೇ, ಅದರ ಭಾರ ನನಗೆ ಗೊತ್ತು. ಇನ್ನು ಈ ಪುಸ್ತಕದಲ್ಲಾದರೂ ಬಣ್ಣ ಹಚ್ಚಬಾರದು.

ಸಂಜೆಯವರೆಗೆ ಹನ್ನೊಂದು ನಟ್ಟು ಬಿಗಿದೆ. ಗೆರೆಗಳು ನೆಟ್ಟಗೆ ಬಂದವು. ಮೇಸ್ತ್ರಿ ಒಂದೊಂದನ್ನೂ ನೋಡಿ ಹೂಂ ಅಂದರು.

ನವೆಂಬರ್ 25, ಮಂಗಳವಾರ

ಊಟ ಸೇರಲಿಲ್ಲ. ಅವ್ವ ಜ್ವರವೇ ಎಂದು ಹಣೆ ಮುಟ್ಟಿ ನೋಡಿದಳು. ಇಲ್ಲ.

ನವೆಂಬರ್ 27, ಗುರುವಾರ

ಹೇಳಿಬಿಡಬೇಕು ಎಂದು ಮೂರು ಸಲ ಹೋದೆ. ಒಮ್ಮೆ ಅವರು ಸ್ಕೂಟರ್ ಒರೆಸುತ್ತಿದ್ದರು. ಒಮ್ಮೆ ಯಾರೋ ಬಂದರು. ಮೂರನೆಯ ಸಲ ಯಾರೂ ಇರಲಿಲ್ಲ, ಅವರೂ ಸುಮ್ಮನೆ ಕೂತಿದ್ದರು, ಏನಲೇ ಎಂದು ಕೇಳಿದರು. ಚಹಾ ಹೇಳಲೇ ಎಂದು ಕೇಳಿದೆ.

ಕ್ರಾಂತಿಯ ಆದೇಶ ಬಂದಿದೆ, ಜನವರಿಗೆ ಹೋಗಬೇಕು. ನನ್ನ ಮುಖ ನೋಡಿ, ತಾನು ಹೊರಟಿದ್ದಕ್ಕೆ ಬೇಜಾರೇ ಅಂದ. ಹೌದು ಅಂದೆ. ಬೇಜಾರು ಇದ್ದದ್ದು ನಿಜ. ಆದರೂ ಅದೂ ಒಂದು ಸುಳ್ಳೇ ಆಯಿತು.

ನವೆಂಬರ್ 30, ಭಾನುವಾರ

ಮೇಸ್ತ್ರಿ ಹರಪನಹಳ್ಳಿಗೆ ಮೇಡಂ ಮನೆಗೆ ಹೊರಟರು, ನನ್ನನ್ನೂ ಕರೆದರು. ಒಗೆದ ಧೋತರ, ಇಸ್ತ್ರಿ ಮಾಡಿದ ಅಂಗಿ. ಬಸ್ಸಿನಲ್ಲಿ ಇಬ್ಬರ ಟಿಕೀಟನ್ನೂ ಅವರೇ ತೆಗೆದರು.

ಮೇಡಂ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತಿದ್ದರು. ಮೊಣಕೈವರೆಗೆ ಪ್ಲಾಸ್ಟರ್. ಸೈಕಲ್ ಗಾಲಿಯ ಒಂದು ಕಡ್ಡಿಯನ್ನು ಅದರೊಳಗೆ ತೂರಿಸಿ ಕೆರೆದುಕೊಳ್ಳುತ್ತಿದ್ದರು. ಕೂರಿ ಅಂದರು, ಮಂಡಕ್ಕಿ ತರಿಸಿದರು. ಮಡ್‌ಗಾರ್ಡ್ ನೆಟ್ಟಗೆ ಮಾಡಲು ಎಷ್ಟು ದಿನ ಬೇಕು, ಸಂಕ್ರಾಂತಿಯೊಳಗೆ ಆಗುತ್ತದೆಯೇ ಎಂದು ಕೇಳಿದರು. ಮೇಸ್ತ್ರಿ ಕೂರಲಿಲ್ಲ.

“ಅಮ್ಮಾರ, ಗಾಡಿನ ಬ್ಯಾರೆ ಕಡೆ ಕಳಿಸ್ರಿ. ನನ್ನ ಕೈ ಮರ್ತೈತಿ. ಬಿಗಿಲಾರದ ಬೋಲ್ಟಿಗೆ ಗೆರಿ ಎಳದೈತಿ. ನಿಮ್ಮ ಜೀವಕ್ಕ ಏನರ ಆಗಿದ್ರ…”

ಅವರು ಕೈ ಮುಗಿದರು. ಮೂವತ್ತು ವರ್ಷದಿಂದ ಲಾರಿ ಮಾಲೀಕರಿಗೂ ಮುಗಿಯದ ಕೈ. ಹೀಗೊಂದು ಗಳಿಗೆ ಬಂದರೆ ಏನು ಹೇಳಬೇಕೆಂದು ನಾನು ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದೆ, ಅದಕ್ಕೆ ಆದಿ ಅಂತ್ಯ ಎಲ್ಲ ಇತ್ತು. ಬಾಯಿಂದ ಬಂದದ್ದು ಇಷ್ಟೇ.

“ಗೆರಿ ನಂದು.”

ಮೇಡಂ ಕಡ್ಡಿ ನಿಲ್ಲಿಸಿದರು. ಮೇಸ್ತ್ರಿ ತಿರುಗಿ ನೋಡಲಿಲ್ಲ. ಅವರ ಮುಗಿದ ಕೈ ಹಾಗೇ ಇತ್ತು. ಉಳಿದದ್ದನ್ನೂ ಹೇಳಿದೆ. ಬೋಲ್ಟು ಬೋಳಿದ್ದದ್ದು, ಎಳೆದದ್ದು, ಶುಕ್ರವಾರವೇ ನೆನಪಾದದ್ದು, ಶನಿವಾರ ಹೇಳದೆ ಇದ್ದದ್ದು, ಸೋಮವಾರ ಕೇಳಿದಾಗ ಇಲ್ಲ ಅಂದದ್ದು.

ಮೇಡಂ ಕಡ್ಡಿಯನ್ನು ಹೊರಗೆಳೆದು ಪಕ್ಕಕ್ಕಿಟ್ಟರು. “ಈ ಕೈ ಇನ್ನು ಹದಿನೈದು ದಿನಕ್ಕೆ ಬಿಚ್ಚತಾರಪ್ಪಾ,” ಅಂದರು. “ನನಗೇನು ಹೇಳ್ತೀಯ? ಅವ್ರಿಗೆ ಹೇಳು.” ಆಮೇಲೆ ಮೇಸ್ತ್ರಿಗೆ, “ಗಾಡಿ ನಿಮ್ಮಲ್ಲೇ ಇರಲಿ. ನೀವೇ ಬಿಗಿಯಿರಿ,” ಅಂದು ಒಳಗೆ ಹೋದರು. ಮಂಡಕ್ಕಿ ಯಾರೂ ಮುಟ್ಟಲಿಲ್ಲ.

ಬರುವಾಗಲೂ ಟಿಕೀಟು ಮೇಸ್ತ್ರಿಯೇ ತೆಗೆದರು. ಕಿಟಕಿಯ ಕಡೆ ಕೂತರು. ಕಾರು ಹೊಕ್ಕಿದ್ದ ಹೊಲ ಬಂತು. ಜೋಳ ಮುರಿದ ಕಡೆ ಗೊತ್ತಾಗುತ್ತಿತ್ತು. ಕೊಟ್ಟೂರಿನಲ್ಲಿ ಇಳಿದ ಮೇಲೆ, ಬಸ್ ಹೋಗಿ ಧೂಳು ಕೂತ ಮೇಲೆ ಮಾತಾಡಿದರು.

“ಕೈ ಹೇಳ್ತಿತ್ತು, ನಾ ಬಿಗಿದಿಲ್ಲ ಅಂತ. ಹದಿನಾಲ್ಕು ದಿನ ಹೇಳ್ತಿತ್ತು. ನಾ ಕೈ ಮಾತು ಬಿಟ್ಟು ನಿನ್ನ ಮಾತು ಹಿಡದೆ ನೋಡು.”

ಅಷ್ಟೇ. ಬೈಯಲಿಲ್ಲ. ಬೈಯುತ್ತಾರೆ ಎಂದು ನಾನು ಅವರ ಮನೆಯ ತಿರುವಿನವರೆಗೂ ಹಿಂದೆ ಹಿಂದೆ ಹೋದೆ.

ಡಿಸೆಂಬರ್ 1, ಸೋಮವಾರ

ಹೋಗಲೋ ಬೇಡವೋ ಎಂದುಕೊಂಡು ಹೋದೆ. ಪಾನಾ ಚೀಲ ಮೇಸ್ತ್ರಿಯ ಮಣೆಯ ಪಕ್ಕಕ್ಕೆ ಹೋಗಿತ್ತು. ಗೋಡೆಯ ಮೇಲೆ ಪತ್ರ ಇರಲಿಲ್ಲ. ಅವರು ಮಡ್‌ಗಾರ್ಡ್ ಕೆಳಗೆ ಮರದ ದಿಮ್ಮಿ ಇಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದರು, ಮೊದಲಿನ ಹಾಗೆ, ಎರಡು ಮೆಲ್ಲಗೆ ಒಂದು ಜೋರು. ಏನು ಮಾಡಲಿ ಎಂದು ಕೇಳಿದೆ. ಕಸ ಹೊಡಿ ಅಂದರು.

ಕ್ರಾಂತಿಗೆ ನಾನೇ ಹೇಳಿದೆ, ಎಲ್ಲ. ಓಬಣ್ಣನ ಮಾತನ್ನು ಅವನು ಕೇಳಿಸಿಕೊಳ್ಳಬೇಕಾಗಿ ಬಂದದ್ದು ನನ್ನ ದೆಸೆಯಿಂದ. ಅವನು ವೈರಿಗೆ ಟೇಪು ಸುತ್ತುತ್ತಿದ್ದವನು ಪೂರ್ತಿ ಸುತ್ತಿ ಮುಗಿಸಿದ. “ಅವತ್ತು ನೀ ಒಳಗಿದ್ದೆಲ್ಲ,” ಅಂದ. “ಒಳಗ ಇದ್ದಿ. ಕೇಳಸ್ತಿತ್ತು ನಿನಗ.” ಹೌದು ಅಂದೆ. ಅವನು ಟೇಪಿನ ಸುರುಳಿ ಪೆಟ್ಟಿಗೆಗೆ ಹಾಕಿ ಎದ್ದ. ಮಧ್ಯಾಹ್ನ ಬುತ್ತಿಯನ್ನು ಒಬ್ಬನೇ ಉಂಡ. ಸಂಜೆ ನಾನು ಚಹಾದಂಗಡಿಗೆ ಹೋಗಿ ಓಬಣ್ಣನಿಗೂ ಹೇಳಿ ಬಂದೆ. ಅವನು ನಕ್ಕ. ನಗುವಂಥದ್ದೇನಿತ್ತೋ ತಿಳಿಯಲಿಲ್ಲ.

ಡಿಸೆಂಬರ್ 11, ಗುರುವಾರ

ಕಾನಹೊಸಹಳ್ಳಿಯ ಜೀಪು ಮತ್ತೆ ಬಂತು. ಮೇಸ್ತ್ರಿ ಬ್ರೇಕ್ ಕೆಲಸ ಮಾಡಿ ಕಳಿಸಿದರು. ಪಾನಾ ಒಂದೇ ಸಲ, ಗೆರೆ ಒಂದೇ ಸಲ. ನಾನು ದೀಪ ಹಿಡಿದಿದ್ದೆ.

ಡಿಸೆಂಬರ್ 18, ಗುರುವಾರ

ಮೇಡಂ ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದರು. ಮೇಸ್ತ್ರಿ ನಿನ್ನೆಯೇ ಕಾರಿನ ಬೋಲ್ಟುಗಳನ್ನೆಲ್ಲ ಹೊಸದಾಗಿ ಬಿಗಿದಿದ್ದರು, ಎಲ್ಲದಕ್ಕೂ ಗೆರೆ. ಮೇಡಂ ಸ್ಟಿಯರಿಂಗ್ ಮುಂದೆ ಕೂತರು, ಮೇಸ್ತ್ರಿ ಪಕ್ಕಕ್ಕೆ. ಹೊರಡುವ ಮುಂಚೆ ಮೇಸ್ತ್ರಿ ನನ್ನನ್ನು ಕರೆದು, ಟ್ಯಾಂಕಿಗೆ ಪೆಟ್ರೋಲ್ ಹಾಕಿದ್ದೀಯಾ ಎಂದು ಕೇಳಿದರು.

“ಹಾಕೀನ್ರಿ ಮೇಸ್ತ್ರಿ. ಹತ್ತು ಲೀಟರ್.”

ಅವರು ಕಾರಿನಿಂದ ಇಳಿದರು. ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತೆಗೆದು, ಒಂದು ಕೋಲು ಇಳಿಬಿಟ್ಟು ಎತ್ತಿ, ಒದ್ದೆ ಎಲ್ಲಿಯವರೆಗಿದೆ ಎಂದು ಬಿಸಿಲಿಗೆ ಹಿಡಿದು ನೋಡಿದರು. ಹತ್ತು ಲೀಟರ್ ಇತ್ತು. ಕೋಲನ್ನು ನನ್ನ ಕೈಗೆ ಕೊಟ್ಟು ಹೋಗಿ ಕೂತರು.

ಮೇಡಂ ಗೇರ್ ಹಾಕಿದರು. ಕಾರು ಹರಪನಹಳ್ಳಿ ರಸ್ತೆಗೆ ತಿರುಗುವವರೆಗೆ ನೋಡಿದೆ. ಆಮೇಲೆ ಕೋಲು ಒರೆಸಿ, ನಾಳೆ ಅವರ ಕೈಗೆ ಸಿಗುವ ಹಾಗೆ ಮಣೆಯ ಪಕ್ಕದಲ್ಲಿಟ್ಟೆ.